ನಾಡಿಯ ಮೇಲಿನ ಬೆರಳು

ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದ ೧೯೭೦ರ ದಶಕದಲ್ಲಿ ಲೇತ್ ಯಂತ್ರದ ಮುಂದೆ ನಿಂತ ಹುಡುಗರು ಈಗ ಎಪ್ಪತ್ತರ ಆಸುಪಾಸಿನವರು. ರಾಜಗೋಪಾಲನಗರದ ಔಷಧಿ ಅಂಗಡಿಗಳ ಮುಂದೆ ಬಿ.ಪಿ. ಮಾತ್ರೆಯ ಚೀಟಿ ಹಿಡಿದು ನಿಲ್ಲುವ ಹಿರಿಯರಲ್ಲಿ ಇವರೂ ಸೇರಿದ್ದಾರೆ. ಇಂಥವರೊಬ್ಬರಿಗೆ ಹರ್ನಿಯಾವೋ ಪಿತ್ತಕೋಶದ ಕಲ್ಲೋ ಆಪರೇಷನ್ ಎಂದು ಗೊತ್ತಾದರೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಅಂದು ಬೆಳಿಗ್ಗೆ ಮಾತ್ರೆ ನುಂಗಬೇಕೋ, ಬಿಡಬೇಕೋ? ಈ ಸಣ್ಣ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಮೀರಿದ ವಾದವಿವಾದವಿದೆ. ಅದರ ಒಂದು ತುದಿ ನಮ್ಮ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಹಿಂದೆ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿದೆ.

ಮೊದಲು ಸಂಗತಿ ಏನೆಂದು ನೋಡೋಣ. ಅರಿವಳಿಕೆ ಕೊಟ್ಟ ಮೇಲೆ ರೋಗಿಯ ಉಸಿರಾಟವನ್ನು ಕಾಪಾಡಲು ವೈದ್ಯರು ಬಾಯಿಯ ಮೂಲಕ ಶ್ವಾಸನಾಳಕ್ಕೆ ಒಂದು ಕೊಳವೆಯನ್ನು ಇಳಿಸುತ್ತಾರೆ. ದಾರಿ ಕಾಣಲೆಂದು ಲ್ಯಾರಿಂಗೋಸ್ಕೋಪ್ ಎಂಬ ದೀಪವಿರುವ ಉಪಕರಣದಿಂದ ನಾಲಿಗೆಯ ಬುಡವನ್ನು ಎತ್ತಿ ಹಿಡಿಯುತ್ತಾರೆ. ರೋಗಿಗೆ ಎಚ್ಚರವಿಲ್ಲ, ನಿಜ. ಆದರೆ ಗಂಟಲಿನ ನರಗಳು ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸಿಯೇ ಬಿಡುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್, ನಾರಡ್ರಿನಲಿನ್‌ಗಳು ರಕ್ತಕ್ಕೆ ಸುರಿದು ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ. ಐದು ಹತ್ತು ನಿಮಿಷದಲ್ಲಿ ಎಲ್ಲವೂ ಇಳಿಯುತ್ತದೆ. ಹರೆಯದವರಿಗೆ ಇದು ಲೆಕ್ಕಕ್ಕಿಲ್ಲ. ವಯಸ್ಸಾದವರ ರಕ್ತನಾಳಗಳು ಹಳೆಯ ರಬ್ಬರ್ ಪೈಪಿನಂತೆ ಪೆಡಸಾಗಿರುತ್ತವೆ. ಅರಿವಳಿಕೆಯ ಮದ್ದಿಗೆ ಒತ್ತಡ ಧೊಪ್ಪನೆ ಕುಸಿಯುತ್ತದೆ, ಕೊಳವೆ ತಾಗಿದೊಡನೆ ಜಿಗಿಯುತ್ತದೆ, ಆಮೇಲೆ ಮತ್ತೆ ಕುಸಿಯುತ್ತದೆ. ಈ ಏರಿಳಿತದಲ್ಲಿ ಹೃದಯಕ್ಕೆ ರಕ್ತದ ಕೊರತೆಯಾಗಬಹುದು, ಮಿದುಳಿನಲ್ಲಿ ರಕ್ತಸ್ರಾವವೂ ಆಗಬಹುದು.

ಇಷ್ಟು ತಿಳಿಯಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು. ೧೮೮೮ ಮತ್ತು ೧೮೮೯ರಲ್ಲಿ ನಿಜಾಮರ ನೆರವಿನಿಂದ ಹೈದರಾಬಾದಿನಲ್ಲಿ ಎರಡು ಕ್ಲೋರೋಫಾರಂ ಆಯೋಗಗಳು ನಡೆದವು. ಅವುಗಳ ಹಿಂದಿದ್ದವರು ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ. ಎರಡನೆಯದಕ್ಕೆ ಲಂಡನ್ನಿನಿಂದ ‘ಲ್ಯಾನ್ಸೆಟ್’ ಪತ್ರಿಕೆಯ ಪರವಾಗಿ ಲಾಡರ್ ಬ್ರಂಟನ್ ಬಂದಿದ್ದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದ ಆಯೋಗದ ತೀರ್ಮಾನ, ಕ್ಲೋರೋಫಾರಂ ಕೊಲ್ಲುವುದು ಉಸಿರನ್ನು ನಿಲ್ಲಿಸಿ, ಹೃದಯವನ್ನು ಅಲ್ಲ ಎಂದು. ಉಸಿರನ್ನು ನೋಡಿರಿ, ನಾಡಿಯ ಚಿಂತೆ ಬೇಡ ಎಂಬುದೇ ಲಾರಿಯವರ ಬೋಧನೆ. ದೊಡ್ಡ ಹೆಸರು, ದೊಡ್ಡ ಖರ್ಚು, ಆದರೆ ತೀರ್ಮಾನ ಅರೆಸತ್ಯ. ೧೯೧೧ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ಬೇರೆಯದೇ ಸಂಗತಿಯನ್ನು ತೋರಿಸಿದರು: ಅರಿವಳಿಕೆ ತೆಳುವಾಗಿರುವಾಗ ಅಡ್ರಿನಲಿನ್ ಸೇರಿದರೆ ಹೃದಯವೇ ತಾಳ ತಪ್ಪಿ ನಿಲ್ಲುತ್ತದೆ. ಬೆರಳು ಮತ್ತೆ ನಾಡಿಯ ಮೇಲೆ ಬಂತು.

ಕೊಳವೆಯ ಕಥೆ ಇದರ ಜೊತೆಜೊತೆಗೇ ಸಾಗಿತು. ೧೮೭೮ರಲ್ಲಿ ಗ್ಲಾಸ್ಗೋದ ವಿಲಿಯಂ ಮೆಕ್ಯೂಯೆನ್ ಬೆರಳಿನಿಂದಲೇ ದಾರಿ ಹುಡುಕಿ ಕೊಳವೆ ಇಳಿಸಿದ್ದರು. ಒಂದನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರ ಚಿಕಿತ್ಸೆಯಲ್ಲಿ ಐವನ್ ಮ್ಯಾಗಿಲ್ ಮತ್ತು ಸ್ಟಾನ್ಲಿ ರೌಬಾಟಂ ಈ ವಿದ್ಯೆಯನ್ನು ಪಳಗಿಸಿದರು. ೧೯೪೩ರಲ್ಲಿ ಮ್ಯಾಕಿಂಟಾಷ್ ಅವರ ಬಾಗಿದ ಅಲಗಿನ ಲ್ಯಾರಿಂಗೋಸ್ಕೋಪ್ ಬಂತು, ಅದೇ ಮಾದರಿ ಇಂದಿಗೂ ನಡೆದಿದೆ. ಕೊಳವೆ ಹಾಕುವಾಗ ಹೃದಯ ಪ್ರತಿಕ್ರಿಯಿಸುತ್ತದೆ ಎಂದು ೧೯೪೦ರಲ್ಲಿ ರೀಡ್ ಮತ್ತು ಬ್ರೇಸ್ ಬರೆದರು. ೧೯೫೧ರಲ್ಲಿ ಕಿಂಗ್ ಮತ್ತು ಸಂಗಡಿಗರು ಅದನ್ನು ರೋಗಿಗಳಲ್ಲಿ ಅಳೆದು ತೋರಿಸಿದರು.

ಇಲ್ಲಿ ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧದ ಪ್ರವೇಶ. ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ ೧೯೪೯ರಲ್ಲಿ ಈ ಬೇರು ರಕ್ತದೊತ್ತಡ ಇಳಿಸುವುದನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ೧೯೫೨ರಲ್ಲಿ ಸ್ವಿಸ್ ಕಂಪೆನಿ ಸೀಬಾದ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ರಿಸರ್ಪಿನ್ ನರಗಳಲ್ಲಿನ ನಾರಡ್ರಿನಲಿನ್ ದಾಸ್ತಾನನ್ನೇ ಬರಿದು ಮಾಡುತ್ತದೆ. ಅದನ್ನು ಸೇವಿಸುತ್ತಿದ್ದ ಕೆಲವರಲ್ಲಿ ಅರಿವಳಿಕೆಯ ಹೊತ್ತಿಗೆ ಒತ್ತಡ ಅಪಾಯಕರವಾಗಿ ಕುಸಿದಾಗ ವೈದ್ಯರು ಬೆದರಿದರು. ಆಪರೇಷನ್ನಿಗೆ ಎರಡು ವಾರ ಮೊದಲೇ ಮದ್ದು ನಿಲ್ಲಿಸಿ ಎಂಬ ಸಲಹೆ ಹುಟ್ಟಿತು. ಆಪರೇಷನ್ನಿಗೆ ಮುಂಚೆ ಬಿ.ಪಿ. ಮಾತ್ರೆ ಬಿಡಬೇಕೆಂದು ಮನೆಗಳಲ್ಲಿ ಇಂದಿಗೂ ಕೇಳುವ ಮಾತು ಆ ಹಳೆಯ ಭಯವನ್ನೇ ಹೋಲುತ್ತದೆ.

ಆ ಭಯವನ್ನು ಅಲುಗಿಸಿದ್ದು ಆಕ್ಸ್‌ಫರ್ಡ್. ೧೯೭೧ರಲ್ಲಿ ಸೆಡ್ರಿಕ್ ಪ್ರಿಸ್-ರಾಬರ್ಟ್ಸ್, ಪಿಯೆರ್ ಫೋಕ್ಸ್ ಮತ್ತಿತರರು ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದರು. ಮದ್ದಿಲ್ಲದೆ ಒತ್ತಡ ಏರಿಯೇ ಇದ್ದವರಲ್ಲಿ ಅರಿವಳಿಕೆಯ ಕುಸಿತವೂ ದೊಡ್ಡದು, ಕೊಳವೆಯ ಹೊತ್ತಿನ ಜಿಗಿತವೂ ದೊಡ್ಡದು. ಅಪಾಯ ಇದ್ದದ್ದು ಹತೋಟಿ ಇಲ್ಲದ ಕಾಯಿಲೆಯಲ್ಲಿ. ಎರಡು ವರ್ಷದ ಬಳಿಕ ಅದೇ ತಂಡ ಬೀಟಾ ತಡೆ ಔಷಧ ಮೊದಲೇ ಕೊಟ್ಟರೆ ನಾಡಿಯ ಓಟ ತಗ್ಗುತ್ತದೆಂದು ತೋರಿಸಿತು. ೧೯೬೦ರ ದಶಕದಲ್ಲಿ ಈ ಬಗೆಯ ಔಷಧಗಳಿಗೆ ದಾರಿ ಮಾಡಿದ ಜೇಮ್ಸ್ ಬ್ಲ್ಯಾಕ್ ೧೯೮೮ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡರು.

ಮುಂದೆ ಮದ್ದುಗಳ ಸಾಲೇ ಬಂತು: ಫೆಂಟನಿಲ್, ರಕ್ತನಾಳಕ್ಕೆ ಕೊಡುವ ಲಿಡೊಕೇನ್, ಒಂಬತ್ತೇ ನಿಮಿಷಗಳಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುವ ಎಸ್ಮೊಲಾಲ್, ಇತ್ತೀಚಿನ ಡೆಕ್ಸ್‌ಮೆಡಿಟೊಮಿಡಿನ್. ಗಂಟಲನ್ನು ಅಷ್ಟಾಗಿ ಕೆಣಕದ ಲ್ಯಾರಿಂಜಿಯಲ್ ಮಾಸ್ಕನ್ನು ಆರ್ಚಿ ಬ್ರೇನ್ ೧೯೮೩ರಲ್ಲಿ ಪ್ರಕಟಿಸಿದರು. ಆದರೂ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಪಳಗಿದ ಕೈ. ಉಪಕರಣ ಗಂಟಲಿನಲ್ಲಿರುವ ಕಾಲ ಹದಿನೈದು ಸೆಕೆಂಡಿನೊಳಗೆ ಮುಗಿದರೆ ಒತ್ತಡದ ಏರಿಕೆಯೂ ಕಡಿಮೆ. ವೃದ್ಧರಿಗೆ ಮದ್ದಿನ ಪ್ರಮಾಣ ಕಡಿಮೆ ಇರಬೇಕು. ರಕ್ತದ ಓಟ ನಿಧಾನವಾದ್ದರಿಂದ ಮದ್ದು ಕೊಟ್ಟು ಸ್ವಲ್ಪ ಕಾಯಲೂ ಬೇಕು.

ಆಕ್ಸ್‌ಫರ್ಡಿನ ಪಾಠವನ್ನು ಎಳೆದು ಹಿಗ್ಗಿಸಿದವರೂ ಇದ್ದರು. ಬೀಟಾ ತಡೆ ಔಷಧವನ್ನು ಎಲ್ಲರಿಗೂ ಕೊಟ್ಟರಾಯಿತಲ್ಲ ಎಂಬ ಉತ್ಸಾಹಕ್ಕೆ ೨೦೦೮ರಲ್ಲಿ ಪೆಟ್ಟು ಬಿತ್ತು. ಭಾರತವೂ ಸೇರಿದ್ದ, ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳ ‘ಪಾಯಿಸ್’ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಗೆ ಕೆಲವು ಗಂಟೆ ಮುಂಚೆ ಮೆಟೊಪ್ರೊಲಾಲ್ ಹೊಸದಾಗಿ ಶುರುಮಾಡಿದವರಲ್ಲಿ ಹೃದಯಾಘಾತ ಕಡಿಮೆಯಾಯಿತು, ಪಾರ್ಶ್ವವಾಯು ಮತ್ತು ಸಾವು ಹೆಚ್ಚಿದವು.

ಹೀಗಾಗಿ ರಾಜಗೋಪಾಲನಗರದ ಹಿರಿಯರ ಪ್ರಶ್ನೆಗೆ ಉತ್ತರ ಮಾತ್ರೆಯ ಹೆಸರಿನ ಮೇಲೆ ನಿಂತಿದೆ. ಬಹುಕಾಲದಿಂದ ನುಂಗುತ್ತಿರುವ ಬೀಟಾ ತಡೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದು. ಅಂದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನೊಡನೆ ಕೊಡುವುದು ರೂಢಿ. ಹೆಸರಿನ ಕೊನೆಗೆ ‘ಪ್ರಿಲ್’ ಅಥವಾ ‘ಸಾರ್ಟನ್’ ಎಂದಿರುವ ಮಾತ್ರೆಗಳನ್ನು ಆ ಒಂದು ದಿನ ಬಿಡಿಸುವ ವೈದ್ಯರು ಬಹಳ ಮಂದಿ. ಅರಿವಳಿಕೆ ತಜ್ಞರು ಮೊದಲೇ ಕರೆದು ಹಳೆಯ ಚೀಟಿಗಳನ್ನೆಲ್ಲ ಕೇಳುವುದು ಇದಕ್ಕೇ. ಚೀಟಿ ಕಳೆದುಹೋಗಿದ್ದರೆ ಮಾತ್ರೆಯ ಖಾಲಿ ಪಟ್ಟಿಯಾದರೂ ಸಾಕು.