ಪುಸ್ತಕ ನಿಷೇಧ: ಓದುಗನ ಹಕ್ಕು ಎಲ್ಲಿಯವರೆಗೆ?

ಪುಸ್ತಕವೊಂದಕ್ಕೆ ನಿಷೇಧ ಬಿದ್ದಾಗಲೆಲ್ಲ ಬರೆದವರು ಒಂದೆಡೆ, ಮನಸ್ಸಿಗೆ ನೋವಾಯಿತು ಎನ್ನುವವರು ಇನ್ನೊಂದೆಡೆ ನಿಂತು ವಾದಿಸುತ್ತಾರೆ. ಪುಸ್ತಕವನ್ನು ಓದಿ ತಾನೇ ತೀರ್ಮಾನಿಸಬೇಕೆಂದಿದ್ದ ಓದುಗನನ್ನು ಯಾರೂ ಕೇಳುವುದಿಲ್ಲ. ಆದರೆ ಕಾನೂನು ಆತನನ್ನು ಪೂರ್ತಿಯಾಗಿ ಮರೆತಿಲ್ಲ.

ಕಾನೂನಿನ ಸ್ವರೂಪ

ರೂಢಿಯಲ್ಲಿ ‘ನಿಷೇಧ’ ಎನ್ನುವುದನ್ನು ಕಾನೂನು ‘ಮುಟ್ಟುಗೋಲು’ ಎಂದು ಕರೆಯುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಸೆಕ್ಷನ್ ರಾಜ್ಯ ಸರ್ಕಾರಗಳಿಗೆ ಈ ಅಧಿಕಾರ ನೀಡಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಅಧಿಕಾರ 98ನೇ ಸೆಕ್ಷನ್‌ನಲ್ಲಿದೆ. ಬರಹವು ಸಮುದಾಯಗಳ ನಡುವೆ ದ್ವೇಷ ಬಿತ್ತುತ್ತದೆ, ಧಾರ್ಮಿಕ ಭಾವನೆಗಳನ್ನು ಉದ್ದೇಶಪೂರ್ವಕವಾಗಿ ಕೆರಳಿಸುತ್ತದೆ, ಅಶ್ಲೀಲವಾಗಿದೆ ಅಥವಾ ದೇಶದ ಏಕತೆಗೆ ಧಕ್ಕೆ ತರುತ್ತದೆ ಎಂದು ಕಂಡುಬಂದರೆ, ಸರ್ಕಾರ ಅಧಿಸೂಚನೆ ಹೊರಡಿಸಿ ಅದರ ಎಲ್ಲ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಬಳಿಕ ಪೊಲೀಸರು ದೇಶದ ಯಾವುದೇ ಭಾಗದಲ್ಲಿ ಪ್ರತಿಗಳನ್ನು ವಶಪಡಿಸಿಕೊಳ್ಳಬಹುದು. ಆದರೆ ಓದುವುದನ್ನೇ ಅಪರಾಧವೆಂದು ಈ ಸೆಕ್ಷನ್ ಹೇಳುವುದಿಲ್ಲ.

ಈ ಅಧಿಕಾರಕ್ಕೆ ಒಂದು ಷರತ್ತಿದೆ. ತನ್ನ ಅಭಿಪ್ರಾಯಕ್ಕೆ ಆಧಾರವೇನೆಂಬುದನ್ನು ಸರ್ಕಾರ ಅಧಿಸೂಚನೆಯಲ್ಲಿಯೇ ತಿಳಿಸಬೇಕು. ಆಧಾರವನ್ನು ತಿಳಿಸದ ಕಾರಣಕ್ಕೆ ಉತ್ತರ ಪ್ರದೇಶ ಸರ್ಕಾರದ ಮುಟ್ಟುಗೋಲು ಆದೇಶವನ್ನು 1961ರಲ್ಲಿಯೇ ಸುಪ್ರೀಂ ಕೋರ್ಟ್ ರದ್ದುಪಡಿಸಿತ್ತು.

ಕರ್ನಾಟಕದ ಎರಡು ಪ್ರಕರಣ

ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿ ಪ್ರಕಟವಾದದ್ದು 1995ರಲ್ಲಿ. ಅಕ್ಕನಾಗಲಾಂಬಿಕೆಯ ಚಿತ್ರಣ ವೀರಶೈವರ ಭಾವನೆಗಳಿಗೆ ಘಾಸಿ ಮಾಡಿದೆ ಎಂಬ ಆಕ್ಷೇಪಗಳ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರ 1997ರಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ನ್ಯಾಯಾಲಯದ ಮೊರೆ ಹೋದರಾದರೂ 2007ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು.

ಮಾತೆ ಮಹಾದೇವಿ ಅವರ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಅಂಕಿತ ‘ಕೂಡಲಸಂಗಮದೇವ’ದ ಬದಲಿಗೆ ‘ಲಿಂಗದೇವ’ ಎಂದಿತ್ತು. 1998ರಲ್ಲಿ ಸರ್ಕಾರ ಈ ಕೃತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೂ ಎತ್ತಿಹಿಡಿಯಿತು.

ಆದೇಶ ಬಿದ್ದುಹೋದಾಗ

ಎಲ್ಲ ಪ್ರಕರಣಗಳೂ ಹೀಗೆಯೇ ಕೊನೆಗೊಂಡಿಲ್ಲ. ಪೆರಿಯಾರ್ ಅವರ ರಾಮಾಯಣ ವಿಮರ್ಶೆಯ ಅನುವಾದಗಳನ್ನು ಉತ್ತರ ಪ್ರದೇಶ ಸರ್ಕಾರ 1969ರಲ್ಲಿ ಮುಟ್ಟುಗೋಲು ಹಾಕಿಕೊಂಡಿತ್ತು. ಅಲಹಾಬಾದ್ ಹೈಕೋರ್ಟ್ ಅದನ್ನು ರದ್ದುಮಾಡಿತು. 1976ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪಿಗೆ ಸಮ್ಮತಿಸಿತು. ಜಸ್ವಂತ್ ಸಿಂಗ್ ಅವರು ಜಿನ್ನಾ ಕುರಿತು ಬರೆದ ಪುಸ್ತಕದ ಮೇಲೆ 2009ರ ಆಗಸ್ಟ್‌ನಲ್ಲಿ ಗುಜರಾತ್ ಸರ್ಕಾರ ಹೇರಿದ ನಿಷೇಧವನ್ನು ಮರುತಿಂಗಳೇ ಅಲ್ಲಿನ ಹೈಕೋರ್ಟ್ ತೆರವುಗೊಳಿಸಿತು.

ಜೇಮ್ಸ್ ಲೇಯ್ನ್ ಅವರ ಶಿವಾಜಿ ಕುರಿತ ಪುಸ್ತಕದ ಪ್ರಕರಣ ಓದುಗರ ದೃಷ್ಟಿಯಿಂದ ಮುಖ್ಯವಾದುದು. ಮಹಾರಾಷ್ಟ್ರ ಸರ್ಕಾರದ ಆದೇಶವನ್ನು ಬಾಂಬೆ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದವರು ಲೇಖಕರಲ್ಲ. ಒಬ್ಬ ವಕೀಲರು, ಒಬ್ಬ ಸಾಕ್ಷ್ಯಚಿತ್ರ ನಿರ್ದೇಶಕರು, ಒಬ್ಬ ಸಾಮಾಜಿಕ ಕಾರ್ಯಕರ್ತೆ. 2007ರಲ್ಲಿ ಹೈಕೋರ್ಟ್ ಆದೇಶವನ್ನು ರದ್ದುಪಡಿಸಿತು. 2010ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಥಿರೀಕರಿಸಿತು.

ಸಿಗದ ಅಧಿಸೂಚನೆ

ವಿದೇಶಿ ಪುಸ್ತಕಗಳನ್ನು ಕೇಂದ್ರ ಸರ್ಕಾರ 1962ರ ಕಸ್ಟಮ್ಸ್ ಕಾಯ್ದೆಯ 11ನೇ ಸೆಕ್ಷನ್ ಅಡಿ ತಡೆಯಬಹುದು. ಸಲ್ಮಾನ್ ರಶ್ದಿ ಅವರ ‘ದಿ ಸಟಾನಿಕ್ ವರ್ಸಸ್’ ಆಮದನ್ನು 1988ರ ಅಕ್ಟೋಬರ್‌ನಲ್ಲಿ ನಿಷೇಧಿಸಿದ್ದು ಹೀಗೆಯೇ. ಪುಸ್ತಕ ತರಿಸಿಕೊಳ್ಳಲಾಗದ ಓದುಗರೊಬ್ಬರು 2019ರಲ್ಲಿ ದೆಹಲಿ ಹೈಕೋರ್ಟ್‌ಗೆ ಅರ್ಜಿ ಸಲ್ಲಿಸಿದರು. ಆ ಅಧಿಸೂಚನೆಯನ್ನು ಹಾಜರುಪಡಿಸಲು ಯಾವ ಇಲಾಖೆಗೂ ಆಗಲಿಲ್ಲ. ಅಂಥ ಅಧಿಸೂಚನೆಯೇ ಇಲ್ಲವೆಂದು ಭಾವಿಸದೆ ಬೇರೆ ದಾರಿಯಿಲ್ಲ ಎಂದು 2024ರ ನವೆಂಬರ್‌ನಲ್ಲಿ ನ್ಯಾಯಾಲಯ ಹೇಳಿತು. ಅಷ್ಟರಲ್ಲಿ 36 ವರ್ಷ ಕಳೆದಿತ್ತು.

ಓದುಗನಿಗಿರುವ ದಾರಿ

ಮುಟ್ಟುಗೋಲು ಹಾಕಿದ ಪುಸ್ತಕದಲ್ಲಿ ‘ಹಿತಾಸಕ್ತಿ ಉಳ್ಳ ಯಾವುದೇ ವ್ಯಕ್ತಿ’, ರಾಜ್ಯಪತ್ರದಲ್ಲಿ ಅಧಿಸೂಚನೆ ಪ್ರಕಟವಾದ 2 ತಿಂಗಳೊಳಗೆ ಹೈಕೋರ್ಟ್‌ಗೆ ಅರ್ಜಿ ಸಲ್ಲಿಸಬಹುದು. ಹಿಂದೆ 96ನೇ ಸೆಕ್ಷನ್‌ನಲ್ಲಿದ್ದ ಈ ಅವಕಾಶ ಈಗ 99ನೇ ಸೆಕ್ಷನ್‌ನಲ್ಲಿದೆ. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅರ್ಜಿಯ ವಿಚಾರಣೆ ನಡೆಸುತ್ತದೆ. ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಮಾಹಿತಿ ಪಡೆಯುವ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಕ್ರಿಕೆಟ್ ಪ್ರಸಾರಕ್ಕೆ ಸಂಬಂಧಿಸಿದ ತೀರ್ಪಿನಲ್ಲಿ ಹೇಳಿದೆ.

ತಮಿಳು ಲೇಖಕ ಪೆರುಮಾಳ್ ಮುರುಗನ್ ಅವರ ‘ಮಾದೊರುಬಾಗನ್’ ಪ್ರಕರಣದಲ್ಲಿ, ಇಷ್ಟವಿಲ್ಲದವರು ಪುಸ್ತಕ ಓದಬೇಕೆಂಬ ಬಲವಂತವೇನೂ ಇಲ್ಲ ಎಂಬುದನ್ನು 2016ರಲ್ಲಿ ಮದ್ರಾಸ್ ಹೈಕೋರ್ಟ್ ನೆನಪಿಸಿತು.

2025ರ ಆಗಸ್ಟ್‌ನಲ್ಲಿ ಜಮ್ಮು–ಕಾಶ್ಮೀರದಲ್ಲಿ ಅರುಂಧತಿ ರಾಯ್, ಎ.ಜಿ. ನೂರಾನಿ ಮೊದಲಾದವರ 25 ಪುಸ್ತಕಗಳನ್ನು ಒಂದೇ ಆದೇಶದಲ್ಲಿ ಮುಟ್ಟುಗೋಲು ಹಾಕಲಾಯಿತು. ಇಂಥ ಸುದ್ದಿ ಬಂದಾಗ ಓದುಗರು ಮೊದಲು ನೋಡಬೇಕಾದದ್ದು ಎರಡು ಸಂಗತಿ: ಅಧಿಸೂಚನೆಯಲ್ಲಿ ಕೊಟ್ಟಿರುವ ಕಾರಣ ಮತ್ತು ಅದು ರಾಜ್ಯಪತ್ರದಲ್ಲಿ ಪ್ರಕಟವಾದ ದಿನಾಂಕ. ಪ್ರಶ್ನಿಸಲು ಕಾನೂನು ಕೊಟ್ಟ ಕಾಲಾವಕಾಶ ಅಂದಿನಿಂದಲೇ ಕಳೆಯತೊಡಗುತ್ತದೆ.