ಚೊಗರಿನ ಬಣ್ಣದ ಬೇಸಗೆಯ ಉಡುಪು



ಬೇಸಗೆಯ ಉಡುಪನ್ನು ಕುರಿತು ಮಾತನಾಡಲು ಹೊರಟವನು ಹುಲಿಕಲ್ಲಿನ ಹೆಸರೆತ್ತಿದರೆ ನಿಮಗೆ ನಗು ಬಂದೀತು. ಹೊಸನಗರ ತಾಲ್ಲೂಕಿನ ಆ ಊರಿನ ಕೀರ್ತಿಯೆಲ್ಲ ಮಳೆಯದು. ಕೆಲವು ವರ್ಷಗಳಲ್ಲಿ ಆಗುಂಬೆಯನ್ನೂ ಹಿಂದೆ ಹಾಕುವಂತಹ ಮಳೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಆ ಸೀಮೆಯ ಮನೆಗಳಲ್ಲಿ ಒಗೆದ ಬಟ್ಟೆ ಒಣಗುವುದು ಬಿಸಿಲಿನಲ್ಲಲ್ಲ, ಒಲೆಯ ಬಿಸಿಯಲ್ಲಿ. ಅಂಗಿಗೆ ಹೊಗೆಯ ವಾಸನೆ ಬಾರದಿದ್ದರೆ ಅದು ಮಲೆನಾಡಿನ ಅಂಗಿಯೇ ಅಲ್ಲ. ಕಂಬಳಿಕೊಪ್ಪೆ, ಗೊರಬು, ಹಾಳೆಯ ಟೊಪ್ಪಿ ಇವು ಆ ನಾಡಿನ ಉಡುಪೆಂದು ಹೊರಗಿನವರು ತಿಳಿದಿರುವುದು ಸಹಜವೇ. ಆದರೆ ಇಷ್ಟು ನೆನೆಯುವ ಜನಕ್ಕೆ ಬೇಸಗೆ ಎಂಬುದು ಬಿಸಿಲಿನ ಕಾಟದ ಕಾಲ ಮಾತ್ರವಲ್ಲ. ಅದು ಬಟ್ಟೆಯ ಕಾಲ. ಹೊಸ ಬಟ್ಟೆ ತರುವುದು, ನೆನೆಸುವುದು, ಹೊಲಿಯುವುದು, ಮದುವೆ ಮುಂಜಿಗಳಿಗೆ ಉಡುವುದು ಎಲ್ಲವೂ ಆ ಮೂರು ನಾಲ್ಕು ತಿಂಗಳಿನಲ್ಲೇ ಆಗಬೇಕು.

ಈ ಸೀಮೆಯ ಉಡುಪಿನ ಹಳೆಯ ಚಿತ್ರವೊಂದನ್ನು ನಮಗೆ ಕೊಟ್ಟವನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ. ಗೋವೆಯ ಪೋರ್ಚುಗೀಸರು ವೆಂಕಟಪ್ಪನಾಯಕನಲ್ಲಿಗೆ ಕಳುಹಿಸಿದ ರಾಯಭಾರದೊಡನೆ ಅವನು ಗೇರುಸೊಪ್ಪೆಯ ದಾರಿಯಾಗಿ ಘಟ್ಟವನ್ನೇರಿ 1623ರ ನವೆಂಬರಿನಲ್ಲಿ ಇಕ್ಕೇರಿಗೆ ಬಂದನು. ಬೀದಿಯಲ್ಲಿ ಕೋಲಾಟವಾಡುತ್ತ ಬರುತ್ತಿದ್ದ ಹೆಣ್ಣುಮಕ್ಕಳನ್ನು ಕಂಡು, ಅವರು ಸೊಂಟದಿಂದ ಕೆಳಗೆ ರೇಷ್ಮೆಯನ್ನು ಉಟ್ಟಿದ್ದುದನ್ನೂ, ಮೇಲೆ ತೆಳುವಾದ ಅರಿವೆಯನ್ನು ಹೊದೆದಿದ್ದುದನ್ನೂ, ತಲೆಯಲ್ಲಿ ಹಳದಿ ಮತ್ತು ಬಿಳಿಯ ಹೂಗಳನ್ನು ಮುಡಿದಿದ್ದುದನ್ನೂ, ಕೈಯಲ್ಲಿ ಬಣ್ಣದ ಕೋಲುಗಳಿದ್ದುದನ್ನೂ ಬರೆದಿಟ್ಟನು. ನಾನು ವಿದ್ಯಾರ್ಥಿಗಳಿಗೆ ಈ ಭಾಗವನ್ನು ಓದಿ ಹೇಳುವಾಗ ಅವರು ಕೋಲಾಟವನ್ನು ಗಮನಿಸುತ್ತಾರೆ. ನನಗೆ ಮಾತ್ರ ಸೊಂಟದ ಕೆಳಗಿನದಕ್ಕೂ ಮೇಲಿನದಕ್ಕೂ ಮುಡಿಗೂ ಇದ್ದ ಹೊಂದಿಕೆಯೇ ಕಣ್ಣಿಗೆ ಕಟ್ಟುತ್ತದೆ. ಒಂದು ಗುಂಪು, ಒಂದು ಬಗೆಯ ಉಡುಗೆ. ಇಂದು ನಾವು ಹೊಂದಿಸಿದ ಉಡುಪಿನ ಜೋಡಿ ಎನ್ನುವುದು ಇದನ್ನೇ ಅಲ್ಲವೇ?

ಉಡುಪನ್ನು ಹೊಂದಿಸುವ ವಿದ್ಯೆ ನಮ್ಮಲ್ಲಿ ಬಹು ಹಳೆಯದು. ಗುಳೇದಗುಡ್ಡದ ಖಣವನ್ನು ನೋಡಿರಿ: ಒಂದು ಕುಪ್ಪಸಕ್ಕೆ ಬೇಕಾಗುವಷ್ಟನ್ನು ಲೆಕ್ಕಹಾಕಿಯೇ ಅದನ್ನು ನೇಯುತ್ತಿದ್ದರು. ಇಳಕಲ್ಲಿನ ಸೀರೆಗೆ ಅದು ಸೇರಿತೆಂದರೆ ಉಡುಪು ಪೂರ್ಣವಾಯಿತು. ಹೊಲಿಗೆಯವನಿಗೆ ಹಳಗನ್ನಡದಲ್ಲಿ ಚಿಪ್ಪಿಗನೆಂಬ ಹೆಸರೂ, ಈಚೆಗೆ ಸಿಂಪಿಗನೆಂಬ ಹೆಸರೂ ಉಂಟು. ಶರಣರ ಸಾಲಿನಲ್ಲಿ ಸೂಜಿಯ ಕೆಲಸವನ್ನೇ ಹೆಸರಿಗೆ ಸೇರಿಸಿಕೊಂಡ ಸೂಜಿಕಾಯಕದ ರಾಮಿತಂದೆಯೂ ಇದ್ದಾನೆ. ಹಿಂದೂಸ್ಥಾನದವರು ಉಟ್ಟರು, ಹೊದೆದರು, ಹೊಲಿಯಲು ತಿಳಿದಿರಲಿಲ್ಲ ಎಂದು ನನ್ನ ಕಾಲೇಜು ದಿನಗಳ ಇಂಗ್ಲಿಷ್ ಪುಸ್ತಕಗಳು ಹೇಳುತ್ತಿದ್ದುದು ಅರ್ಧ ಸತ್ಯವೂ ಅಲ್ಲ.

ಆದರೆ ಹೊಲಿಗೆ ಮನೆಯೊಳಕ್ಕೆ ಬಂದದ್ದು ಯಂತ್ರದಿಂದ. ಐಸಾಕ್ ಸಿಂಗರನು ತನ್ನ ಹೊಲಿಗೆ ಯಂತ್ರಕ್ಕೆ ಅಮೆರಿಕದಲ್ಲಿ ಹಕ್ಕುಪತ್ರ ಪಡೆದದ್ದು 1851ರಲ್ಲಿ. ಯಂತ್ರಗಳನ್ನು ಸಂದೇಹದಿಂದ ಕಾಣುತ್ತಿದ್ದ ಗಾಂಧಿಯವರೂ 1924ರಲ್ಲಿ ಇದೊಂದಕ್ಕೆ ವಿನಾಯಿತಿ ಕೊಟ್ಟರು. ಕೈಹೊಲಿಗೆಯಲ್ಲಿ ಬಳಲುತ್ತಿದ್ದ ಹೆಂಡತಿಯ ಮೇಲಣ ಪ್ರೀತಿಯಿಂದ ಸಿಂಗರನು ಅದನ್ನು ಮಾಡಿದನೆಂಬುದು ಅವರ ವಾದ. ಸಿಂಗರನ ಜೀವನಚರಿತ್ರೆಯನ್ನು ಓದಿದವರು ಅವನ ದಾಂಪತ್ಯದ ವಿಷಯದಲ್ಲಿ ಬೇರೆ ಕಥೆಗಳನ್ನೇ ಹೇಳುತ್ತಾರೆ. ಆದರೂ ಗಾಂಧಿಯವರ ಮಾತಿನ ತಿರುಳು ಗಟ್ಟಿಯಾದುದು. ಕೈಯನ್ನು ಮನೆಯಿಂದ ಹೊರದೂಡದೆ ಅದಕ್ಕೆ ನೆರವಾಗುವ ಯಂತ್ರ ಬೇರೆ, ಕೈಯನ್ನೇ ಬೇಡವೆನ್ನುವ ಯಂತ್ರ ಬೇರೆ. 1927ರಲ್ಲಿ ಅವರು ಮೈಸೂರು ಸೀಮೆಗೆ ಬಂದಾಗ ನಂಜನಗೂಡಿನ ಬದನವಾಳಿನ ಖಾದಿಯ ಕೆಲಸವನ್ನು ಕಂಡರು. ತಗಡೂರು ರಾಮಚಂದ್ರರಾಯರಂತಹವರು ಅಲ್ಲಿ ಬಾಳನ್ನು ಸವೆಸಿದರು. ಬಯಲುಸೀಮೆಯ ಆ ನೂಲಿಗೆ ಒಂದು ಚರಿತ್ರೆ ದೊರೆಯಿತು.

ಹತ್ತಿ ಬೆಳೆಯದ ಮಲೆನಾಡು ಬಟ್ಟೆಗೆ ಏನನ್ನು ಕೊಟ್ಟೀತು? ಈ ಪ್ರಶ್ನೆಗೆ ಉತ್ತರ ನನ್ನ ತಾಯಿಯವರ ಪೆಟ್ಟಿಗೆಯಲ್ಲೇ ಇದ್ದಿತು, ನನಗೆ ತಿಳಿಯಲು ನಲವತ್ತು ವರ್ಷ ಹಿಡಿಯಿತು. ಅಡಿಕೆ ಸುಲಿಯುವ ದಿನಗಳಿಗೆಂದು ಅವರು ಒಂದು ಹಳೆಯ ಸೀರೆಯನ್ನು ಬೇರೆಯಾಗಿ ಇಟ್ಟಿದ್ದರು. ಹಸಿಯಡಿಕೆಯ ಕಲೆ ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ. ಆ ಸೀರೆಯ ಮಡಿಲೆಲ್ಲ ಕಂದುಬಣ್ಣವಾಗಿ ಚರ್ಮದಂತೆ ಆಗಿತ್ತು. ಎಳೆಯಡಿಕೆಯನ್ನು ಬೇಯಿಸಿದ ಹಂಡೆಯಲ್ಲಿ ಉಳಿದು ಗಟ್ಟಿಯಾದ ರಸಕ್ಕೆ ಚೊಗರು ಎಂದು ಹೆಸರು. ಕಲೆಯೆಂದು ನಾವು ಹೆದರುತ್ತಿದ್ದುದೇ ಬಣ್ಣವಾಗಬಲ್ಲುದೆಂದು ನನಗೆ ತೋರಿಸಿಕೊಟ್ಟದ್ದು ಹೆಗ್ಗೋಡಿನ ಪಕ್ಕದ ಭೀಮನಕೋಣೆ.

ಹೆಗ್ಗೋಡನ್ನು ನೀವು ನೀನಾಸಂ ರಂಗಸಂಸ್ಥೆಯಿಂದ ಬಲ್ಲಿರಿ. ಅದು 1949ರಲ್ಲಿ ಹುಟ್ಟಿದ್ದು. ನಾಟಕವನ್ನೇ ಕಸುಬಾಗಿ ಉಳ್ಳ ಪ್ರಸನ್ನರು ಕಳೆದ ಶತಮಾನದ ಕೊನೆಯ ದಶಕದಲ್ಲಿ ಅಲ್ಲೇ ಸಮೀಪದಲ್ಲಿ ಚರಕ ಎಂಬ ಮಹಿಳಾ ಸಹಕಾರ ಸಂಘಕ್ಕೆ ಕಾರಣರಾದರು. ಸುತ್ತಲ ಹಳ್ಳಿಗಳ ಹೆಂಗಸರು ಅಲ್ಲಿ ಕೈಮಗ್ಗದಲ್ಲಿ ನೇಯುವುದನ್ನು, ಬಣ್ಣ ಹಾಕುವುದನ್ನು, ಅಚ್ಚೊತ್ತುವುದನ್ನು, ಹೊಲಿಯುವುದನ್ನು ಕಲಿತರು. ಮಾರುವ ಹೊಣೆಯನ್ನು ದೇಸಿ ಎಂಬ ಅಂಗಡಿಗಳು ಹೊತ್ತವು. ನೂಲು ಹೊರಗಿನದು, ಬಣ್ಣ ಮಾತ್ರ ನಾಡಿನದು.

ಆ ಬಣ್ಣದ ಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಸಗೆಯ ಉಡುಪನ್ನು ಮನೆಯಲ್ಲಿ ಹೊಲಿದುಕೊಳ್ಳುವವರಿಗೆ ಅದರಿಂದ ನಿಜವಾದ ಪ್ರಯೋಜನವುಂಟು. ಚೊಗರು ಒಂದೇ; ಆದರೆ ಅದಕ್ಕೆ ಜೊತೆಯಾಗಿ ಪಟಿಕವನ್ನು ಸೇರಿಸಿದರೆ ತಿಳಿಯಾದ ಕಂದು, ಸುಣ್ಣವನ್ನು ಸೇರಿಸಿದರೆ ಕೆಂಪುಮಿಶ್ರಿತ ಕಂದು, ಕಬ್ಬಿಣದ ನೀರನ್ನು ಸೇರಿಸಿದರೆ ಮೋಡದ ಬೂದಿ. ಸುಣ್ಣ ತಗುಲಿದರೆ ಅಡಿಕೆ ಕೆಂಪಾಗುವುದನ್ನು ತಾಂಬೂಲ ಹಾಕುವವರಿಗೆ ಹೇಳಿಕೊಡಬೇಕಾಗಿಲ್ಲ. ಲಂಗ ಒಂದು ಬಣ್ಣ, ರವಕೆ ಮತ್ತೊಂದು, ಹೊದೆಯುವುದು ಇನ್ನೊಂದಾದರೂ ಅವು ಜಗಳವಾಡುವುದಿಲ್ಲ, ಒಂದೇ ಹಂಡೆಯಿಂದ ಬಂದವು. ದಾಳಿಂಬೆಯ ಸಿಪ್ಪೆಯ ಹಳದಿಯೂ ನೀಲಿಯೂ ಈ ಮನೆಗೆ ಬಂದ ಸೊಸೆಯರು, ಹೊಂದಿಕೊಂಡು ಹೋಗುತ್ತಾರೆ. ಗಿರಣಿಯ ಬಟ್ಟೆಯ ಅಂಗಡಿಯಲ್ಲಿ ನಾವು ಗಂಟೆಗಟ್ಟಲೆ ನಿಂತು ಹುಡುಕುವ ಹೊಂದಿಕೆ ಇಲ್ಲಿ ಹುಟ್ಟಿನಿಂದಲೇ ಇರುತ್ತದೆ.

ಇದರಲ್ಲಿ ಒಂದು ತೊಡಕೂ ಉಂಟು. ಒಂದು ಪಾಕದ ಬಣ್ಣ ಮತ್ತೊಂದು ಪಾಕಕ್ಕೆ ತದ್ರೂಪವಾಗಿ ಬರುವುದಿಲ್ಲ. ಮೊದಲ ಸಲ ನಾನು ಮಗಳ ಲಂಗದ ಬಟ್ಟೆಯನ್ನು ಫಾಲ್ಗುಣದಲ್ಲಿ ಕೊಂಡು, ರವಕೆಯದನ್ನು ದುಡ್ಡಾದಾಗ ಕೊಂಡರಾಯಿತೆಂದು ವೈಶಾಖಕ್ಕೆ ಬಿಟ್ಟೆನು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಅವು ಅಕ್ಕತಂಗಿಯರಂತಲ್ಲ, ದೂರದ ನೆಂಟರಂತೆ ಕಂಡವು. ಅದಕ್ಕೂ ಮಿಗಿಲಾದ ತಪ್ಪೆಂದರೆ ಬಟ್ಟೆಯನ್ನು ನೀರಿನಲ್ಲಿ ನೆನೆಸದೆ ನನ್ನ ಜುಬ್ಬವನ್ನು ಕತ್ತರಿಸಲು ಕೊಟ್ಟದ್ದು. ಮೊದಲ ಒಗೆತಕ್ಕೆ ಅದು ಮಗನಿಗೆ ಸರಿಹೋಯಿತು. ಕೈಮಗ್ಗದ ಹತ್ತಿಬಟ್ಟೆ ಕುಗ್ಗುತ್ತದೆಂಬುದನ್ನು ನನ್ನ ಎಂ.ಎ. ಪದವಿ ಕಲಿಸಿರಲಿಲ್ಲ, ನನ್ನ ತಾಯಿ ಕಲಿಸಿದ್ದರು, ನಾನು ಮರೆತಿದ್ದೆನು. ಆದುದರಿಂದ ಇಡೀ ಉಡುಪಿಗೆ ಬೇಕಾದ ಬಟ್ಟೆಯನ್ನು ಒಮ್ಮೆಗೇ, ಒಂದೇ ಪಾಕದ್ದನ್ನು ಕೊಳ್ಳಬೇಕು. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಹಾಸಿನ ನೂಲಿಗೆ ನೇರವಾಗಿ ಕತ್ತರಿಸಬೇಕು. ಬೇಸಗೆಗೆ ತೋಳು ಸಡಿಲವಾಗಿರಲಿ, ಕಂಕುಳಲ್ಲಿ ಒಂದು ಚೌಕದ ತುಂಡನ್ನು ಸೇರಿಸಲಿ. ಗಾಳಿಯೂ ಆಡುತ್ತದೆ, ಹೊಲಿಗೆಯೂ ಬಿಚ್ಚುವುದಿಲ್ಲ. ಅಂಚನ್ನು ಬಿಸಾಡದೆ ಲಂಗದ ಕೆಳಗೆ ಉಳಿಸಿಕೊಂಡರೆ ಮಡಚಿ ಹೊಲಿಯುವ ಕೆಲಸ ಉಳಿಯಿತು. ಮಿಕ್ಕ ಚೂರುಗಳು ಕೌದಿಗೆ, ಇಲ್ಲವೇ ಸಂತೆಯ ಚೀಲಕ್ಕೆ.

ಕೈಯ ಕೆಲಸಕ್ಕೆ ಬೆಲೆ ಹೆಚ್ಚೆಂದು ನಗರದ ನಮ್ಮವರು ದೂರುತ್ತಾರೆ. ದೂರಿನಲ್ಲಿ ಸತ್ಯವಿಲ್ಲದಿಲ್ಲ, ನಾನೂ ಬೆಲೆ ಕೇಳಿ ಹಿಂದೆ ಸರಿದಿದ್ದೇನೆ. ಆದರೆ ಅದೇ ಸಮಯದಲ್ಲಿ ಅತ್ತ ಕಡೆ ನಡೆದದ್ದನ್ನೂ ಹೇಳಬೇಕು. 2017ರಲ್ಲಿ ಹೊಸ ಸರಕು ಮತ್ತು ಸೇವಾ ತೆರಿಗೆ ಬಂದಾಗ ಕೈಯಿಂದ ಮಾಡಿದ ವಸ್ತುಗಳ ಮೇಲೆ ತೆರಿಗೆ ಕೂಡದೆಂದು ಪ್ರಸನ್ನರು ಬೆಂಗಳೂರಿನಲ್ಲಿ ಉಪವಾಸ ಕುಳಿತರು. 2020ರಲ್ಲಿ ಸಂಘವು ತನ್ನ ದಿವಾಳಿಯ ಸ್ಥಿತಿಯನ್ನು ತಾನೇ ಬಹಿರಂಗವಾಗಿ ಸಾರಿಕೊಂಡಿತು. ಮಾರಾಟವಾಗದ ಬಟ್ಟೆ ಗೋದಾಮಿನಲ್ಲಿತ್ತು, ನೇಯ್ದವರ ಮುಂದಿನ ಕೂಲಿಗೆ ದಾರಿಯಿರಲಿಲ್ಲ. ಬಟ್ಟೆ ಚೆನ್ನಾಗಿಲ್ಲದೆ ಹೀಗಾಗಲಿಲ್ಲ. ಹೊಗಳಿದವರು ನಾವು ಬಹುಮಂದಿ, ಕೊಂಡವರು ಕೆಲವರು. ಬಿದನೂರಿನ ಅರಸರ ಕಾಲದಲ್ಲಿ ಘಟ್ಟದ ದಾರಿಗಳಿಂದ ಬಸರೂರಿನ ಬಂದರಿಗೆ ಇಳಿಯುತ್ತಿದ್ದ ಸರಕಿಗೆ ಆಚೆ ದಡದಲ್ಲಿ ಕೊಳ್ಳುವವನೊಬ್ಬನು ಕಾದಿರುತ್ತಿದ್ದನು. ಅವನಿಲ್ಲದಿದ್ದರೆ ಆ ದಾರಿಗಳಲ್ಲಿ ಹುಲ್ಲು ಬೆಳೆದಿರುತ್ತಿತ್ತು. ಇಂದು ಆಚೆ ದಡ ಎಂದರೆ ಬೆಂಗಳೂರು, ಮೈಸೂರುಗಳಲ್ಲಿರುವ ನೀವು, ನಾನು.

ಕಳೆದ ಬೇಸಗೆಯಲ್ಲಿ ನಾವು ಒಂದೇ ಪಾಕದ ಬಟ್ಟೆ ತಂದೆವು. ಮಗಳಿಗೆ ಲಂಗವೂ ರವಕೆಯೂ ಆಯಿತು, ನನಗೆ ಒಂದು ಜುಬ್ಬ, ಮನೆಯವರಿಗೆ ಎರಡು ಕುಪ್ಪಸ, ಹೊಲಿದವರೂ ಅವರೇ. ಕಬ್ಬಿಣದ ಬೂದಿಬಣ್ಣವನ್ನು ಕಂಡು ಮಗಳು ಇದು ಮಳೆಗಾಲದ ಬಣ್ಣ ಎಂದಳು, ಆದರೂ ಮೇ ತಿಂಗಳೆಲ್ಲ ಅದನ್ನೇ ತೊಟ್ಟಳು. ಜೂನಿನಲ್ಲಿ ಊರಿಗೆ ಹೋಗುವಾಗ ಅವೆಲ್ಲವನ್ನೂ ಮಡಿಚಿ ತಾಯಿಯವರ ಪೆಟ್ಟಿಗೆಯಲ್ಲಿಟ್ಟೆವು. ತಳದಲ್ಲಿ ಆ ಅಡಿಕೆ ಸುಲಿಯುವ ಸೀರೆ ಇನ್ನೂ ಇದೆ. ಅದರ ಮಡಿಲಿನ ಕಲೆಗೆ ಜುಬ್ಬದ ಕಂದುಬಣ್ಣವನ್ನು ಹಿಡಿದು ನೋಡಿದೆವು. ಸೀರೆಯದೇ ಗಾಢವಾಗಿದ್ದಿತು.