ಝಡ್‌ಎಫ್‌ಎಸ್

ಝಡ್‌ಎಫ್‌ಎಸ್ ಎಂಬುದು ಗಣಕಯಂತ್ರಗಳಲ್ಲಿ ದತ್ತಾಂಶವನ್ನು ಸುರಕ್ಷಿತವಾಗಿ ಸಂಗ್ರಹಿಸಿಡಲು ರೂಪಿಸಲಾದ ಒಂದು ಕಡತ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಹುಟ್ಟಿದ ಇದರ ಮುಕ್ತ ಆಕರ ರೂಪವು ಇಂದು ಓಪನ್‌ಝಡ್‌ಎಫ್‌ಎಸ್ ಎಂಬ ಹೆಸರಿನಲ್ಲಿ ಬೆಳೆಯುತ್ತಿದೆ. ಡಿಸ್ಕಿನಿಂದ ಓದಿದ ಮಾಹಿತಿಯು ಬರೆದಿಟ್ಟಂತೆಯೇ ಉಳಿದಿದೆಯೇ ಎಂದು ಪರೀಕ್ಷಿಸಿ ನೋಡುವುದು ಇದರ ಮುಖ್ಯ ಲಕ್ಷಣ.

ಹಿನ್ನೆಲೆ

ಡಿಸ್ಕ್ ಪೂರ್ತಿಯಾಗಿ ಕೆಟ್ಟು ನಿಂತರೆ ಬಳಕೆದಾರರಿಗೆ ಕೂಡಲೇ ತಿಳಿಯುತ್ತದೆ. ಆದರೆ ಡಿಸ್ಕ್ ಸರಿಯಾಗಿ ನಡೆಯುತ್ತಿರುವಂತೆ ತೋರುತ್ತಿದ್ದರೂ ಒಳಗಿನ ಕೆಲವು ಬಿಟ್‌ಗಳು ಬದಲಾಗಿರುವುದುಂಟು. ಕೇಬಲ್‌ನ ದೋಷ, ಡಿಸ್ಕಿನ ಒಳಗಿನ ತಂತ್ರಾಂಶದ ತಪ್ಪು ಮುಂತಾದವು ಇದಕ್ಕೆ ಕಾರಣ. ಹಳೆಯ ಛಾಯಾಚಿತ್ರವನ್ನೋ ಲೆಕ್ಕಪತ್ರವನ್ನೋ ವರ್ಷಗಳ ನಂತರ ತೆರೆದಾಗ ಮಾತ್ರ ಇಂತಹ ಹಾನಿ ಬೆಳಕಿಗೆ ಬರುತ್ತದೆ. ಅಷ್ಟರೊಳಗೆ ಕೆಟ್ಟ ಪ್ರತಿಯೇ ಬ್ಯಾಕಪ್‌ಗಳಿಗೂ ಸೇರಿಹೋಗಿರಬಹುದು. ಸದ್ದಿಲ್ಲದೆ ನಡೆಯುವ ಈ ಹಾನಿಯನ್ನು ತಡೆಯುವುದು ಝಡ್‌ಎಫ್‌ಎಸ್‌ನ ಪ್ರಧಾನ ಉದ್ದೇಶಗಳಲ್ಲೊಂದು.

ಇತಿಹಾಸ

ಜೆಫ್ ಬಾನ್‌ವಿಕ್, ಮ್ಯಾಥ್ಯೂ ಆರೆನ್ಸ್ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ ಇದರ ಕೆಲಸ ಆರಂಭಿಸಿದರು. 2005ರಲ್ಲಿ ಓಪನ್‌ಸೋಲಾರಿಸ್‌ನ ಭಾಗವಾಗಿ ಇದರ ಆಕರ ಸಂಕೇತವು ಸಿಡಿಡಿಎಲ್ ಎಂಬ ಮುಕ್ತ ಪರವಾನಗಿಯಡಿ ಬಿಡುಗಡೆಯಾಯಿತು. 2008ರಲ್ಲಿ ಫ್ರೀಬಿಎಸ್‌ಡಿ 7.0 ಆವೃತ್ತಿಯೂ ಇದನ್ನು ಒಳಗೊಂಡಿತು. 2010ರಲ್ಲಿ ಆರಕಲ್ ಸಂಸ್ಥೆಯು ಸನ್ ಸಂಸ್ಥೆಯನ್ನು ಕೊಂಡಿತು. ಅದೇ ವರ್ಷ ಹೊಸ ಆಕರ ಸಂಕೇತದ ಬಹಿರಂಗ ಪ್ರಕಟಣೆ ನಿಂತಿತು. ಆದರೆ ಅದುವರೆಗೆ ಪ್ರಕಟವಾಗಿದ್ದ ಸಂಕೇತವನ್ನು ಮುಕ್ತ ಪರವಾನಗಿಯ ಕಾರಣದಿಂದ ಯಾರೂ ಹಿಂತೆಗೆದುಕೊಳ್ಳುವಂತಿರಲಿಲ್ಲ. ಅದರ ಆಧಾರದ ಮೇಲೆ ಇಲ್ಯೂಮೋಸ್ ಮೊದಲಾದ ಯೋಜನೆಗಳು ಕೆಲಸ ಮುಂದುವರಿಸಿದವು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯವು ಲಿನಕ್ಸ್ ರೂಪಾಂತರವನ್ನು ಬೆಳೆಸಿತು. ಬಿಡಿಬಿಡಿಯಾಗಿದ್ದ ಈ ಪ್ರಯತ್ನಗಳನ್ನು ಒಗ್ಗೂಡಿಸಲು 2013ರಲ್ಲಿ ಓಪನ್‌ಝಡ್‌ಎಫ್‌ಎಸ್ ಯೋಜನೆ ಘೋಷಣೆಯಾಯಿತು. 2020ರ 2.0 ಆವೃತ್ತಿಯಿಂದ ಲಿನಕ್ಸ್ ಮತ್ತು ಫ್ರೀಬಿಎಸ್‌ಡಿಗಳಿಗೆ ಒಂದೇ ಆಕರ ಸಂಕೇತ ಬಳಕೆಯಾಗುತ್ತಿದೆ.

ಕಾರ್ಯವಿಧಾನ

ಸಂಗ್ರಹ ಕೊಳ: ಹಲವು ಡಿಸ್ಕುಗಳನ್ನು ಕೂಡಿಸಿ ಒಂದೇ ಕೊಳವಾಗಿ ಮಾಡಲಾಗುತ್ತದೆ. ಅದರಿಂದ ಪ್ರತಿ ಕಡತ ವ್ಯವಸ್ಥೆಯೂ ತನಗೆ ಬೇಕಾದಷ್ಟು ಜಾಗವನ್ನು ಪಡೆಯುತ್ತದೆ. ಪ್ರತಿಯೊಂದಕ್ಕೂ ಮೊದಲೇ ಗಾತ್ರ ಗೊತ್ತುಪಡಿಸಬೇಕಾಗಿಲ್ಲ.

ಚೆಕ್‌ಸಮ್: ದತ್ತಾಂಶದ ಪ್ರತಿ ಖಂಡಕ್ಕೂ ಗಣಿತದ ಸೂತ್ರದಿಂದ ಒಂದು ಗುರುತುಸಂಖ್ಯೆಯನ್ನು ಲೆಕ್ಕಹಾಕಲಾಗುತ್ತದೆ. ಇದನ್ನು ಆ ಖಂಡದ ಜೊತೆಯಲ್ಲಿಡದೆ, ಅದನ್ನು ಸೂಚಿಸುವ ಮೇಲಿನ ಖಂಡದಲ್ಲಿ ಇಡಲಾಗುತ್ತದೆ. ಓದುವಾಗ ಸಂಖ್ಯೆ ತಾಳೆಯಾಗದಿದ್ದರೆ ಹಾನಿ ಪತ್ತೆಯಾಗುತ್ತದೆ. ಇನ್ನೊಂದು ಡಿಸ್ಕಿನಲ್ಲಿ ಸರಿಯಾದ ಪ್ರತಿ ಇದ್ದರೆ ಅದರಿಂದ ಕೆಟ್ಟ ಭಾಗವನ್ನು ವ್ಯವಸ್ಥೆಯೇ ಸರಿಪಡಿಸುತ್ತದೆ. ಕೊಳವನ್ನೆಲ್ಲ ಹೀಗೆ ಪರಿಶೀಲಿಸುವ ಕ್ರಿಯೆಗೆ ಸ್ಕ್ರಬ್ ಎಂದು ಹೆಸರು.

ಹೊಸ ಜಾಗದಲ್ಲಿ ಬರವಣಿಗೆ: ಬದಲಾದ ಮಾಹಿತಿಯನ್ನು ಹಳೆಯದರ ಮೇಲೆ ಬರೆಯದೆ ಬೇರೆ ಜಾಗದಲ್ಲಿ ಬರೆದು, ಕೊನೆಯಲ್ಲಿ ಸೂಚಕವನ್ನು ಬದಲಿಸಲಾಗುತ್ತದೆ. ನಡುವೆ ವಿದ್ಯುತ್ ಕಡಿತವಾದರೂ ಹಳೆಯ ಸ್ಥಿತಿ ಕೆಡುವುದಿಲ್ಲ. ಒಂದು ಕ್ಷಣದ ಸ್ಥಿತಿಯನ್ನು ಹಾಗೆಯೇ ಉಳಿಸಿಡುವ ಸ್ನ್ಯಾಪ್‌ಶಾಟ್ ಸೌಲಭ್ಯಕ್ಕೂ ಈ ವಿಧಾನವೇ ಆಧಾರ.

ರೈಡ್-ಝಡ್: ಇದರ ಮೂರು ಬಗೆಗಳು ಕ್ರಮವಾಗಿ 1, 2 ಮತ್ತು 3 ಡಿಸ್ಕುಗಳು ಕೆಟ್ಟರೂ ದತ್ತಾಂಶವನ್ನು ಉಳಿಸಿಕೊಳ್ಳುತ್ತವೆ.

ಮಿತಿಗಳು

ಸಿಡಿಡಿಎಲ್ ಮತ್ತು ಲಿನಕ್ಸ್ ಕರ್ನಲ್‌ನ ಜಿಪಿಎಲ್ ಪರವಾನಗಿಗಳು ಪರಸ್ಪರ ಹೊಂದುವುದಿಲ್ಲವೆಂಬ ಅಭಿಪ್ರಾಯ ವ್ಯಾಪಕವಾಗಿರುವುದರಿಂದ ಝಡ್‌ಎಫ್‌ಎಸ್ ಲಿನಕ್ಸ್ ಕರ್ನಲ್‌ನ ಅಂಗವಾಗಿಲ್ಲ. ಪ್ರತ್ಯೇಕ ಮಾಡ್ಯೂಲ್ ಆಗಿ ದೊರೆಯುತ್ತದೆ. ಒಂದೇ ರೀತಿಯ ಖಂಡಗಳನ್ನು ಒಮ್ಮೆ ಮಾತ್ರ ಇಡುವ ಸೌಲಭ್ಯವನ್ನು ಬಳಸಿದರೆ ಹೆಚ್ಚು ಸ್ಮೃತಿ ಬೇಕಾಗುತ್ತದೆ. ಒಂದೇ ಡಿಸ್ಕ್ ಇದ್ದು ಹೆಚ್ಚುವರಿ ಪ್ರತಿ ಇಲ್ಲದಿದ್ದರೆ, ಕಡತದೊಳಗಿನ ಹಾನಿಯನ್ನು ತೋರಿಸಬಲ್ಲದೇ ಹೊರತು ಸರಿಪಡಿಸಲಾರದು.

ಝಡ್‌ಎಫ್‌ಎಸ್ ಬ್ಯಾಕಪ್‌ಗೆ ಬದಲಿಯಲ್ಲ. ಬೆಂಕಿ ಅಥವಾ ಕಳ್ಳತನದಿಂದ ಯಂತ್ರವೇ ಇಲ್ಲವಾದರೆ ಅದರಲ್ಲಿದ್ದ ಸ್ನ್ಯಾಪ್‌ಶಾಟ್‌ಗಳೂ ಹೋಗುತ್ತವೆ. ಆದ್ದರಿಂದ ಅವುಗಳನ್ನು ಸೆಂಡ್ ಮತ್ತು ರಿಸೀವ್ ಆದೇಶಗಳ ಮೂಲಕ ಬೇರೆ ಸ್ಥಳದ ಗಣಕಕ್ಕೆ ಕಳುಹಿಸಿಡುವುದು ರೂಢಿಯಲ್ಲಿದೆ.